ಕೆಂಪು ಶಾಯಿಯಲ್ಲಿ ಕ್ಷೇಮ

ತೈಪೇ, 3 ಮಾರ್ಚ್ 1974

ಶ್ರೀಮತಿ ಯೆನ್ ಸು-ಲಿಯೆನ್ ಅವರಿಗೆ,

ನಾನೊಬ್ಬ ಅಪರಾಧಿ. ತಲೆ ತಗ್ಗಿಸಿ, ಕನ್ನಡಕ ಕಳಚಿಟ್ಟು, ಸಮಸ್ತ ವ್ಯಾಕರಣದ ಸಾಕ್ಷಿಯಾಗಿ ತಪ್ಪೊಪ್ಪಿಕೊಳ್ಳುತ್ತಿದ್ದೇನೆ. ಅಂಚೆ ಮೂಲಕ ಇಂಗ್ಲಿಷ್ ಕಲಿಸುವ ನಮ್ಮ ಶಾಲೆಯ ನಿಯಮದಂತೆ, ತಿದ್ದಿದ ಉತ್ತರ ಹಾಳೆಯ ಲಕೋಟೆಯಲ್ಲಿ ತಿದ್ದಿದ ಉತ್ತರ ಹಾಳೆ ಮಾತ್ರ ಇರತಕ್ಕದ್ದು, ಖಾಸಗಿ ಕಾಗದ ಇರತಕ್ಕದ್ದಲ್ಲ. ಈ ಕಾಗದ ಶಾಲೆಯ ಅಂಚೆಚೀಟಿಯ ಹೆಗಲೇರಿ, ಟಿಕೆಟ್ಟಿಲ್ಲದೆ, ನಿಮ್ಮ ಪೆಂಗ್‌ಹು ದ್ವೀಪಗಳ ಕಡೆಗೆ ಸಮುದ್ರ ದಾಟುತ್ತಿದೆ. ಸಿಕ್ಕಿಬಿದ್ದರೆ ನನಗೆ ದಂಡ. ದಂಡಕ್ಕೂ ಇಂಗ್ಲಿಷಿನಲ್ಲಿ 'ಫೈನ್' ಅಂತಲೇ ಹೇಳುತ್ತಾರಾದರೂ ನೀವು ಕೇಳಿದ ಫೈನ್ ಅದಲ್ಲ, ಬಿಡಿ.

ತಪ್ಪಿನಲ್ಲಿ ನಿಮಗೂ ಪಾಲಿದೆ. ಉತ್ತರ ಹಾಳೆಯ ಕೊನೆಯಲ್ಲಿ 'ಸಂದೇಹಗಳಿದ್ದರೆ ಬರೆಯಿರಿ' ಎಂದು ಜಾಗ ಬಿಟ್ಟಿರುತ್ತೇವೆ. ಅಲ್ಲಿ ಎಲ್ಲರೂ 'ಇಲ್ಲ' ಎಂದು ಬರೆಯುತ್ತಾರೆ, ನಾವೂ ನೆಮ್ಮದಿಯಾಗಿರುತ್ತೇವೆ. ನೀವು ಬರೆದಿದ್ದೀರಿ: "ಫೈನ್ ಎಂಬ ಪದಕ್ಕೆ ಎಷ್ಟು ಅರ್ಥ? ಒಬ್ಬ ಮನುಷ್ಯ 'ಐ ಆಮ್ ಫೈನ್' ಎಂದು ಬರೆದು ಕಳಿಸಿದರೆ, ಆತ ಎಲ್ಲಿಯವರೆಗೆ ಫೈನ್?"

ಮೊದಲ ಪ್ರಶ್ನೆಗೆ ಉತ್ತರವಿದೆ. ನಮ್ಮ ಚೀನೀ ಭಾಷೆಯಲ್ಲಿ 'ಹಾವ್' ಎಂಬ ಒಂದೇ ಪದ ಒಳ್ಳೆಯದೆಲ್ಲವನ್ನೂ ಹೊತ್ತು ತಿರುಗುವ ಹಮಾಲಿ. ಇಂಗ್ಲಿಷಿನವರು ಆ ಹೊರೆಯನ್ನು ಹಂಚಿಬಿಟ್ಟಿದ್ದಾರೆ. ಆಕಾಶ ತಿಳಿಯಾಗಿದ್ದರೆ ಫೈನ್. ಮರಳು ನುಣ್ಣಗಿದ್ದರೆ ಫೈನ್. ದಾರ ತೆಳುವಾಗಿದ್ದರೂ ಫೈನ್, ಬಟ್ಟೆ ಸೊಗಸಾಗಿದ್ದರೂ ಫೈನ್. ನಮ್ಮ ಬೀದಿಯ ಪಾದ್ರಿಯ ಹೆಂಡತಿ ಹಲ್ಲು ಕಚ್ಚಿಕೊಂಡು "ಫೈನ್!" ಎಂದರೆ ಮಾತ್ರ ಪಾದ್ರಿ ಊಟ ಬಿಟ್ಟು ಎದ್ದು ಹೋಗುತ್ತಾರೆ. ಇನ್ನು 'ಐ ಆಮ್ ಫೈನ್' ಎಂದರೆ ನಾನು ಕ್ಷೇಮ. ನಮ್ಮ ವಿದ್ಯಾರ್ಥಿಗಳು ಇದನ್ನು ಗಿಣಿಗಳಂತೆ ಕಲಿತಿರುತ್ತಾರೆ. ಲಾರಿ ಹಾಯ್ದು ಕಾಲು ಮುರಿದುಕೊಂಡವನನ್ನೂ "ಹೇಗಿದ್ದೀಯಪ್ಪಾ?" ಎಂದು ಇಂಗ್ಲಿಷಿನಲ್ಲಿ ಕೇಳಿನೋಡಿ: ಐ ಆಮ್ ಫೈನ್.

ಎರಡನೆಯ ಪ್ರಶ್ನೆ ಯಾವ ಪಾಠಕ್ಕೆ ಸೇರಿದ್ದೋ ತಿಳಿಯಲಿಲ್ಲ. ಏಕೆ ಕೇಳಿದಿರಿ?

ಇಂತಿ,
ತೂ ವೆನ್‌ಪಿನ್
(ತಿದ್ದುಪಡಿ ವಿಭಾಗ)


ಶಿಯು ದ್ವೀಪ, ಪೆಂಗ್‌ಹು, 15 ಮಾರ್ಚ್ 1974

ತೂ ಮೇಷ್ಟ್ರೇ,

ನೀವು ಕದ್ದು ಕಳಿಸಿದ ಕಾಗದ ತಲುಪಿತು. ಗಾಳಿಗೆ ಹಾರಿಹೋಗಿ ಕಡಲೆಕಾಯಿ ಹೊಲದ ಹವಳದ ಗೋಡೆಗೆ ಅಂಟಿಕೊಂಡಿತ್ತು, ಬಿಡಿಸಿ ತಂದೆ. ಇಲ್ಲಿ ಗಾಳಿ ಹಾಗೆ.

ಕೇಳಿದ್ದಕ್ಕೆ ಕಾರಣ ಹೇಳುತ್ತೇನೆ. ನನ್ನ ಗಂಡ ಲ್ಯೂ ಶುಯಿ-ತಿಯೆನ್ ಟ್ಯೂನಾ ಹಿಡಿಯುವ ಹಡಗಿನಲ್ಲಿದ್ದಾರೆ. ಶಾಂತ ಸಾಗರದ ನಡುವೆ ಪಾಗೊ ಪಾಗೊ ಎಂಬ ಬಂದರಿದೆಯಂತೆ. ಹಡಗು ಅಲ್ಲಿಂದ ಹೊರಟು, ಅಲ್ಲಿಗೇ ಮೀನು ತಂದು ಹಾಕುತ್ತದೆ. ಹೋದ ಚಳಿಗಾಲದಿಂದ ಅಲ್ಲಿಂದ ಚಿತ್ರದ ಕಾರ್ಡುಗಳು ಬರತೊಡಗಿದವು. ಒಂದು ಕಡೆ ತೆಂಗಿನ ಮರ, ಇನ್ನೊಂದು ಕಡೆ ನೀಲಿ ಶಾಯಿಯಲ್ಲಿ ಮೂರು ಇಂಗ್ಲಿಷ್ ಪದ. ಕೆಳಗೆ ಅವರ ಹೆಸರು ನಮ್ಮ ಅಕ್ಷರದಲ್ಲಿ, ಆದರೆ ಕೆಂಪು ಶಾಯಿಯಲ್ಲಿ.

ಅವರಿಗೆ ಇಂಗ್ಲಿಷ್ ಬಾರದು. ಚೀನೀ ಅಕ್ಷರವೂ ಅಷ್ಟಕ್ಕಷ್ಟೆ. ಅದು ಅವರ ಕೈಬರಹವೂ ಅಲ್ಲ. ನಮ್ಮೂರ ಶಾಲೆಯ ಮೇಷ್ಟ್ರಿಗೆ ತೋರಿಸಿದರೆ "ಶುಭ ಸುದ್ದಿ, ಶುಭ ಸುದ್ದಿ" ಎಂದರು. ಅವರು ಎಲ್ಲರ ಕಾಗದಕ್ಕೂ ಹಾಗೇ ಹೇಳುತ್ತಾರೆ. ಅದಕ್ಕೇ ನಿಮ್ಮ ಶಾಲೆಗೆ ಸೇರಿದೆ.

ಕಂಪನಿಯವರು ಹೇಳುವುದೇ ಬೇರೆ. ಹೊಸವರ್ಷದ ಹಬ್ಬಕ್ಕೆ ಮುಂಚಿನಿಂದ ಹಡಗಿನ ರೇಡಿಯೋ ಮೌನವಾಗಿದೆಯಂತೆ. ಕಾರ್ಡುಗಳು ಮಾತ್ರ ಹಬ್ಬದ ನಂತರವೂ ಬಂದಿವೆ.

ಕೆಂಪು ಹೆಸರು ನೋಡಿದ ದಿನದಿಂದ ಅತ್ತೆ ಒಂದೇ ಸಮನೆ ಹೇಳುತ್ತಿದ್ದಾರೆ: "ಬದುಕಿರೋನ ಹೆಸರನ್ನ ಯಾವನಾದ್ರೂ ಕೆಂಪಲ್ಲಿ ಬರೀತಾನೇನೇ? ನನ್ನ ಮಗ ಆ ಕಡೆಯಿಂದ ಬರೀತಿದಾನೆ ಕಣೇ ಲಿಯೆನ್. ಕರ್ಕೊಂಡು ಬರೋಣ. ಸಮುದ್ರದ ದಂಡೇಲಿ ನಿಂತು ಅವನ ಆತ್ಮಾನ ಕೂಗಿ ಕರೆಸಿ, ಸಮಾಧಿ ಕಲ್ಲು ನೆಡಿಸಿಬಿಡೋಣ."

"ಅವರೇ ಕ್ಷೇಮ ಅಂತ ಬರೆದಿದಾರಲ್ಲ ಅತ್ತೆ?"

"ನೀರಿನ ತಳದಲ್ಲಿ ಅಲೆ ಇಲ್ಲ, ಹಸಿವಿಲ್ಲ. ಕ್ಷೇಮವಾಗೇ ಇರ್ತಾನೆ."

ಕಲ್ಲು ನೆಟ್ಟರೆ ನಮ್ಮಲ್ಲಿ ಹೆಂಡತಿಯ ಹೆಸರನ್ನೂ ಪಕ್ಕದಲ್ಲೇ ಕೆತ್ತುತ್ತಾರೆ. ಕಾಗದದ ಲೆಕ್ಕ ಕಲ್ಲಿನ ಮೇಲೆ ತಿರುಗುಮುರುಗು: ಸತ್ತವರದು ಚಿನ್ನದ ಬಣ್ಣ, ಬದುಕಿರುವವಳದು ಕೆಂಪು. ನನ್ನ ಸರದಿ ಬರುವವರೆಗೆ ಅದು ಅಲ್ಲಿ ಕೆಂಪಗೆ ಕಾಯುತ್ತಿರುತ್ತದೆ. ನನಗೆ ಅದಕ್ಕಿಂತ ಹೆಚ್ಚಿನ ಹೆದರಿಕೆ ಇನ್ನೊಂದಿದೆ. ಬದುಕಿರುವವರನ್ನು ಸತ್ತವರೆಂದು ಕೂಗಿ ಕರೆದುಬಿಟ್ಟರೆ? ಅವರು ಎಲ್ಲೋ ಒಂದು ದ್ವೀಪದಲ್ಲಿ ಊಟಕ್ಕೆ ಕುಳಿತಿದ್ದು, ನಮ್ಮ ಕೂಗು ಕೇಳಿ ಅರ್ಧಕ್ಕೇ ಎದ್ದು ಬಂದುಬಿಟ್ಟರೆ?

ನೀವು ತಿದ್ದಿದ ಹಾಳೆಗಳ ತಲೆಯ ಮೇಲೂ ನನ್ನ ಹೆಸರು ಕೆಂಪಿನಲ್ಲೇ ಇರುತ್ತದೆ. ಅತ್ತೆ ಒಲೆಯ ಮಸಿ ತಂದು ಅದರ ಮೇಲೆ ಬಳಿದು ಕಪ್ಪು ಮಾಡುತ್ತಾರೆ. ನೀವು ಬೇಸರಿಸಬೇಡಿ.

ಯೆನ್ ಸು-ಲಿಯೆನ್


ತೈಪೇ, 28 ಮಾರ್ಚ್ 1974

ಸು-ಲಿಯೆನ್ ಅವರೇ,

ಬೇಸರವೇ? ನಿಮ್ಮ ಅತ್ತೆಯವರು ನನ್ನನ್ನು ಯಮನ ಗುಮಾಸ್ತನ ಹುದ್ದೆಗೆ ಏರಿಸಿದ್ದಾರೆ. ಇಪ್ಪತ್ತು ವರ್ಷದಿಂದ ಬಡ್ತಿ ಕಾಣದವನಿಗೆ ಇದಕ್ಕಿಂತ ಸಂತೋಷವುಂಟೆ?

ಕೇಳಿ. ಈ ನಾಡಿನ ಅರ್ಧ ಜನರ ಹೆಸರನ್ನು ನಾನು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಪೋಲೀಸರು, ದಾದಿಯರು, ಹಂದಿ ಸಾಕುವವರು, ಒಬ್ಬ ತಾವೋ ಪುರೋಹಿತ. ಇವರಲ್ಲಿ ಯಾರೂ ಸತ್ತಿಲ್ಲ, ಕೆಲವರು ಪಾಸು ಕೂಡ ಆಗಿದ್ದಾರೆ. ಶಾಯಿ ಎಂದರೆ ಬಣ್ಣದ ನೀರು. ನನ್ನ ಹೆಸರನ್ನೇ ಕೆಂಪಿನಲ್ಲಿ ಬರೆದು ಗೋಡೆಗೆ ಅಂಟಿಸಿ, ಅದರ ಕೆಳಗೆ ಚಾಪೆ ಹಾಸಿ ಗೊರಕೆ ಹೊಡೆಯಬಲ್ಲೆ. ಮಕ್ಕಳಿಲ್ಲದ ನಾನು ಹೆದರುವುದು ಇಬ್ಬರಿಗೇ: ನನ್ನ ಹೆಂಡತಿಗೆ ಮತ್ತು ವಿದ್ಯಾ ಇಲಾಖೆಯ ತನಿಖಾಧಿಕಾರಿಗೆ. ಇಬ್ಬರೂ ಬದುಕಿದ್ದಾರೆ.

ಈಗ ತರ್ಕಕ್ಕೆ ಬರೋಣ. 'ಐ ಆಮ್ ಫೈನ್' ಎಂಬುದು ವರ್ತಮಾನ ಕಾಲ. ಸತ್ತವನಿಗೆ ಭೂತಕಾಲವುಂಟು, ಬಡಪಾಯಿಗೆ ವರ್ತಮಾನ ಎಲ್ಲಿಂದ ಬರಬೇಕು? ಕಾರ್ಡಿನ ಮೇಲೆ ಅಂಚೆ ಮುದ್ರೆಯ ತಾರೀಖಿದೆ. ರೇಡಿಯೋ ನಿಂತ ಮೇಲಿನ ತಾರೀಖಿದ್ದರೆ, ಆ ತಾರೀಖಿನಲ್ಲಿ ಒಬ್ಬ ಮನುಷ್ಯ ಕ್ಷೇಮವಾಗಿದ್ದಾನೆ ಎಂದರ್ಥ. ಕೈಬರಹ ಬೇರೆಯದೇ? ಇಂಗ್ಲಿಷ್ ಬರುವ ಗೆಳೆಯನಿಂದ ಬರೆಸಿರುತ್ತಾರೆ. ಕೆಂಪು ಶಾಯಿಯೇ? ಪರದೇಶದವರಿಗೆ ಕೈಗೆ ಸಿಕ್ಕಿದ್ದೇ ಶಾಯಿ. ಹಡಗು ಕೆಟ್ಟು ಯಾವುದೋ ದಡಕ್ಕೆ ಹತ್ತಿರಬೇಕು, ಅಷ್ಟೇ.

ಆದ್ದರಿಂದ ಕೂಗಿ ಕರೆಯುವುದೂ ಬೇಡ, ಕಲ್ಲೂ ಬೇಡ. ಅತ್ತೆಯವರಿಗೆ ನನ್ನ ಹೆಸರಿನಲ್ಲೇ ಹೇಳಿಬಿಡಿ. ಆ ಕಾರ್ಡುಗಳ ಮೂಲೆಯಲ್ಲಿ ಅಂಗಡಿಯ ವಿಳಾಸವೇನಾದರೂ ಅಚ್ಚಾಗಿದೆಯೇ? ತಿಳಿಸಿ. ನಾನೇ ಇಂಗ್ಲಿಷಿನಲ್ಲಿ ಬರೆದು, ನನ್ನ ಹೆಸರು ಕೆತ್ತಿದ ಮೊಹರು ಒತ್ತಿ ವಿಚಾರಿಸುತ್ತೇನೆ.

ತೂ ವೆನ್‌ಪಿನ್


ಶಿಯು, 11 ಏಪ್ರಿಲ್ 1974

ಮೇಷ್ಟ್ರೇ,

ಅಂಗಡಿಯ ವಿಳಾಸವನ್ನು ನೋಡಿ ಬರೆದು ಈ ಕಾಗದದ ಹಿಂದೆ ಹಾಕಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ತಿದ್ದಿಕೊಳ್ಳಿ.

ನಿಮ್ಮ ಮಾತು ಹೇಳಿ ಅತ್ತೆಯನ್ನು ತಡೆದೆ. ಸಮಾಧಿ ಗುಡಿಸುವ ಚಿಂಗ್‌ಮಿಂಗ್ ಹಬ್ಬದೊಳಗೆ ಕಲ್ಲಾಗಬೇಕೆಂದು ಅವರು ಕಲ್ಲುಕುಟಿಗನನ್ನು ಕರೆಸಿದ್ದರು. ನಾನು ನಿಮ್ಮ ಕಾಗದ ಓದಿ ಹೇಳಿದೆ. ಅತ್ತೆ ಎಲ್ಲ ಕೇಳಿಸಿಕೊಂಡು, "ನಿಮ್ಮ ಮೇಷ್ಟ್ರು ಸಮುದ್ರ ನೋಡಿದಾರಾ?" ಎಂದರು. ಕಲ್ಲುಕುಟಿಗ ನಕ್ಕು, ಚಹಾ ಕುಡಿದು ಹೊರಟುಹೋದ.

ಹಬ್ಬದ ದಿನವೇ ಇನ್ನೊಂದು ಕಾರ್ಡು ಬಂತು. ಅದೇ ತೆಂಗಿನ ಮರ, ಅದೇ ಮೂರು ಪದ. ಎಲ್ಲ ಕಾರ್ಡುಗಳನ್ನೂ ಸಾಲಾಗಿ ಇಟ್ಟು ನೋಡಿದೆ. ಮೂರು ಪದವೂ ಒಂದರ ಮೇಲೊಂದು ಇಟ್ಟು ಬರೆದಷ್ಟು ಒಂದೇ ಥರ. ಹೆಸರು ಮಾತ್ರ ಪ್ರತಿಸಲ ಒಂಚೂರು ಬೇರೆ, ಕೈ ನಡುಗಿದ ಹಾಗೆ. ಒಬ್ಬ ಮನುಷ್ಯ ಇಷ್ಟು ತಿಂಗಳು ಇಷ್ಟು ಒಂದೇ ಸಮನೆ ಕ್ಷೇಮವಾಗಿರುವುದು ಸಾಧ್ಯವೇ ಮೇಷ್ಟ್ರೇ? ನಾನಿಲ್ಲಿ ಬೆಳಿಗ್ಗೆ ಒಂದು ಥರ, ಸಂಜೆ ಒಂದು ಥರ ಇರುತ್ತೇನೆ.

ಇನ್ನೊಂದು ವಿಷಯ, ನಗಬೇಡಿ. ಅವರ ಮರದ ಚಪ್ಪಲಿ ಬಾಗಿಲ ಬಳಿ ಇದೆ. ಹೊರಗೆ ಹೋದವರ ಚಪ್ಪಲಿ ಬೀದಿಗೆ ಮುಖ ಮಾಡಿರಬೇಕೆಂದು ಹಾಗೇ ಇಟ್ಟಿದ್ದೆ. ಹಬ್ಬದ ಮಾರನೆಯ ಬೆಳಿಗ್ಗೆ ಎರಡೂ ಮನೆಯೊಳಕ್ಕೆ ಮುಖ ಮಾಡಿದ್ದವು. ಅತ್ತೆ ತಿರುಗಿಸಿರಬೇಕು ಎಂದುಕೊಂಡೆ. "ನೀನಲ್ವಾ ತಿರುಗ್ಸಿದ್ದು?" ಎಂದು ಅವರೇ ನನ್ನನ್ನು ಕೇಳಿದರು. ಮತ್ತೆ ಬೀದಿಗೆ ತಿರುಗಿಸಿಟ್ಟೆ. ಮತ್ತೆ ಒಳಕ್ಕೆ ತಿರುಗಿವೆ.

ಗಾಳಿ ಇರಬಹುದು. ಇಲ್ಲಿ ಗಾಳಿ ಹಾಗೆ ಎಂದು ನಾನೇ ಬರೆದಿದ್ದೆನಲ್ಲ.

ಸು-ಲಿಯೆನ್


ಶಿಯು, 30 ಮೇ 1974

ಮೇಷ್ಟ್ರೇ,

ನಿಮ್ಮಿಂದ ಕಾಗದವಿಲ್ಲ. ಅಂಗಡಿಯವರ ಉತ್ತರ ಬಂತೇ ಎಂದು ಎರಡು ಸಲ ಬರೆದೆ. ಬಂದಿಲ್ಲವೆಂದಾದರೂ ಬರೆಯಬಹುದಿತ್ತು.

ತಿದ್ದಿದ ಹಾಳೆ ಮಾತ್ರ ನಿನ್ನೆ ಬಂತು. ಗುರುತು ಹಾಕಿದ್ದೀರಿ, ತಪ್ಪಿಗೆ ಗೆರೆ ಎಳೆದಿದ್ದೀರಿ. ಆದರೆ ಮೇಲೆ ನನ್ನ ಹೆಸರು ಬರೆಯುವ ಜಾಗ ಖಾಲಿ ಇತ್ತು. ಅತ್ತೆ ಎಂದಿನಂತೆ ಮಸಿ ಹಿಡಿದು ಬಂದರು. ಬಳಿಯಲು ಏನೂ ಇರಲಿಲ್ಲ. ಮಸಿಯನ್ನು ಒಲೆಗೇ ವಾಪಸು ಹಾಕಿದರು.

ನೀವು ಯಾವಾಗಲೂ ಬರೆಯುತ್ತಿದ್ದಿರಿ. ಈ ಸಲ ಯಾಕೆ ಬರೆಯಲಿಲ್ಲ?

ಸು-ಲಿಯೆನ್


ತೈಪೇ, 8 ಜೂನ್ 1974

ತಂಗಿ ಸು-ಲಿಯೆನ್,

ಉತ್ತರ ಬಂದು ಕೆಲ ದಿನಗಳೇ ಆದವು. ಕೆಲಸದ ಒತ್ತಡವಿತ್ತು ಎಂದು ಬರೆಯಲು ಹೊರಟು ಹೊಡೆದುಹಾಕಿದೆ. ಒತ್ತಡವಿರಲಿಲ್ಲ. ಅನುವಾದ ಮಾಡಲು ಕೈ ಬರಲಿಲ್ಲ. ಈಗ ಮಾಡಿದ್ದೇನೆ. ಅಂಗಡಿ ಇಟ್ಟಿರುವವಳು ಲಾಂಗಿ ಎಂಬ ಮುದುಕಿ, ಆ ದ್ವೀಪದವಳೇ. ಅವಳು ಬರೆದದ್ದು ಇದು:

"ಅಯ್ಯಾ, ನೀವು ಕೇಳಿದ ಹುಡುಗ ನನಗೆ ಗೊತ್ತು. ಮೀನು ಹಡಗಿನವರು ಸಮುದ್ರಕ್ಕೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಸಮುದ್ರದ ನಡುವೆ ಅಂಚೆ ಡಬ್ಬಿ ಇಲ್ಲ. ಅದಕ್ಕೇ ಹೊರಡುವ ಮುಂಚೆ ನನ್ನಲ್ಲಿ ಕಾರ್ಡು ಕೊಂಡು, ಬರೆಸಿಟ್ಟು ಹೋಗುತ್ತಾರೆ. ನಾನು ತಿಂಗಳಿಗೊಂದರಂತೆ ವಿಮಾನದ ಟಪಾಲಿಗೆ ಹಾಕುತ್ತೇನೆ. ಮನೆಯವರು ಕಾಯಬಾರದಲ್ಲ. ಎಲ್ಲರೂ ಬರೆಸುವುದು ಅದೇ ಮೂರು ಪದ. ಜಾಗವಿದೆಯಪ್ಪಾ, ಇನ್ನೇನಾದರೂ ಬರೆಯಲೇ ಎಂದು ಕೈಸನ್ನೆಯಲ್ಲಿ ಕೇಳಿದೆ. ನಕ್ಕು ಸಾಕು ಎಂದ. ಅವನ ಹೆಸರು ಬರೆಯಲು ನನಗೆ ಬಾರದು. ಅವನು ತನ್ನ ಮೊಹರನ್ನು ಒಂದು ಚೀಟಿಯ ಮೇಲೆ ಒತ್ತಿ ಕೊಟ್ಟ. ಕಳಿಸುವ ದಿನ ಅದನ್ನು ನೋಡಿ ಚಿತ್ರದಂತೆ ಬರೆಯುತ್ತೇನೆ. ಮೊಹರು ಕೆಂಪಗಿತ್ತು, ಅದಕ್ಕೇ ಕೆಂಪು ಪೆನ್ನಿನಲ್ಲಿ ಬರೆದೆ. ಆ ಹಡಗು ತಿರುಗಿ ಬರಲಿಲ್ಲ. ದೊಡ್ಡ ಬಿರುಗಾಳಿ ಎದ್ದಿತ್ತು. ಹುಡುಕಲು ಹೋದವರಿಗೆ ಹಲಗೆಗಳು ಸಿಕ್ಕವಂತೆ. ನನಗೆ ಗೊತ್ತಿತ್ತು. ಆದರೂ ಅವನು ಕಳಿಸು ಎಂದಿದ್ದ, ನಾನು ಕಳಿಸಿದೆ."

ಇಷ್ಟೇ.

ಕೆಂಪು ಹೆಸರು ಪರಲೋಕದ್ದಲ್ಲ, ಮೊಹರಿನದು. ಆ ಮಟ್ಟಿಗೆ ನನ್ನ ತರ್ಕ ಸರಿ. ನನ್ನ ತರ್ಕ ಸರಿ, ನಿಮ್ಮ ಅತ್ತೆಯವರ ಮಾತು ನಿಜ. ಚಿಂಗ್‌ಮಿಂಗ್ ಹಬ್ಬಕ್ಕೆ ನಾನು ಕಲ್ಲು ತಡೆದೆ. ಅದಕ್ಕೆ ಏನು ಬರೆಯಬೇಕೆಂದು ತಿಳಿಯದು. ನಿಮ್ಮ ಹೆಸರನ್ನು ಹಾಳೆಯ ಮೇಲೆ ಬರೆಯದಿದ್ದುದಕ್ಕೆ ಕಾರಣವೇನೂ ಇಲ್ಲ. ಅವಸರ, ಅಷ್ಟೇ.

ತೂ ವೆನ್‌ಪಿನ್


ಶಿಯು, 10 ಜುಲೈ 1974

ಮೇಷ್ಟ್ರೇ,

ಕಾಗದ ಓದಿದ ದಿನ ಕಡಲೆಕಾಯಿ ಹೊಲದಲ್ಲಿ ಕಳೆ ಕೀಳುತ್ತಾ ಕುಳಿತೆ. ಕೀಳುತ್ತಾ ಹೋಗಿ ಪಕ್ಕದವರ ಹೊಲದ ಕಳೆಯನ್ನೂ ಕಿತ್ತುಬಿಟ್ಟಿದ್ದೆನಂತೆ.

ನೀವು ಕಲ್ಲು ತಡೆದದ್ದಕ್ಕೆ ಅಳಬೇಡಿ. ಆ ಎರಡು ತಿಂಗಳು ನನಗೆ ಗಂಡನಿದ್ದ.

ಮೊನ್ನೆ ದಂಡೆಗೆ ಹೋಗಿ ಕೂಗಿದೆವು. ಪುರೋಹಿತರು ಎಲೆಗಳಿದ್ದ ಬಿದಿರಿಗೆ ಅವರ ಅಂಗಿ ಕಟ್ಟಿದರು. ಆತ್ಮಕ್ಕೆ ದಾರಿ ತೋರುವ ಬಿಳಿ ಹುಂಜವನ್ನು ನಾನು ಎತ್ತಿಕೊಂಡಿದ್ದೆ. ಅತ್ತೆ ಸೊಂಟದವರೆಗೆ ನೀರಿಗಿಳಿದು, "ಶುಯಿ-ತಿಯೆನ್, ಬಾರೋ! ಗಂಜಿ ಆರ್ತಿದೆ, ಬಾರೋ!" ಎಂದು ಕೂಗಿದರು. ಚಿಕ್ಕವರಿದ್ದಾಗ ಆಟಕ್ಕೆ ಹೋದವರನ್ನು ಹಾಗೇ ಕರೆಯುತ್ತಿದ್ದರಂತೆ.

ಬಂದಿದ್ದಾರೆಯೇ ಎಂದು ತಿಳಿಯಲು ಪುರೋಹಿತರು ಎರಡು ಮರದ ಬಿಲ್ಲೆಗಳನ್ನು ಎಸೆದರು. ಒಂದು ಚಪ್ಪಟೆ ಮೈ, ಒಂದು ಉಬ್ಬು ಮೈ ಮೇಲಾದರೆ ಹೌದು. ಎರಡೂ ಚಪ್ಪಟೆ ಬಿದ್ದರೆ ಕೇಳಿದವರನ್ನು ನೋಡಿ ನಕ್ಕಂತೆ. ಎರಡೂ ಚಪ್ಪಟೆ ಬಿದ್ದವು. ಮತ್ತೆ ಎಸೆದರು, ಮತ್ತೆ ನಗು. ಎಸೆದಷ್ಟು ಸಲವೂ ಅದೇ. ಅಷ್ಟು ದೊಡ್ಡ ಗಾಳಿಯಲ್ಲಿ ಬಿಲ್ಲೆ ಮರಳಿಗೆ ಬೀಳುವ ಸದ್ದು ಮಾತ್ರ ಕೇಳುತ್ತಿತ್ತು. ಹುಂಜ ನನ್ನ ತೋಳಲ್ಲಿ ನಿದ್ದೆ ಹೋದಂತೆ ತಣ್ಣಗೆ ಕುಳಿತಿತ್ತು.

ಕೊನೆಗೆ ಪುರೋಹಿತರೇ ಬೆವರೊರೆಸಿಕೊಂಡು ಹೇಳಿದರು: "ಇವನದೇನೋ ಒಂದು ಇನ್ನೂ ದಾರೀಲಿದೆ ಕಣಮ್ಮಾ. ಅದು ಬರೋವರ್ಗೂ ಇವನು ಬರೋನಲ್ಲ."

ಅವರ ವಸ್ತುವೆಲ್ಲ ಹಡಗಿನಲ್ಲೇ ಹೋಯಿತು. ದಾರಿಯಲ್ಲಿ ಇನ್ನೇನಿರುತ್ತದೆ? ಚಾಂದ್ರಮಾನದ ಏಳನೆಯ ತಿಂಗಳು, ಪ್ರೇತಗಳ ಬಾಗಿಲು ತೆರೆಯುವ ತಿಂಗಳು, ಹತ್ತಿರವಾಯಿತು. ಅಷ್ಟರೊಳಗೆ ಬರದಿದ್ದರೆ ಮನೆಯಿಲ್ಲದ ಪ್ರೇತಗಳ ಗುಂಪಿಗೆ ಸೇರಿಬಿಡುತ್ತಾನೆ, ಅನ್ನಕ್ಕೆ ಬೀದಿ ಬೀದಿ ಅಲೆಯುತ್ತಾನೆ ಎಂದು ಅತ್ತೆ ಊಟ ಬಿಟ್ಟಿದ್ದಾರೆ. ಚಪ್ಪಲಿ ದಿನವೂ ತಿರುಗುತ್ತಿದೆ.

ಕಲಿತವರು ನೀವು. ನಿಮಗೇನಾದರೂ ಹೊಳೆಯುತ್ತದೆಯೇ?

ಸು-ಲಿಯೆನ್


ತೈಪೇ, 22 ಜುಲೈ 1974
(ರಿಜಿಸ್ಟರ್ಡ್ ಅಂಚೆ)

ತಂಗಿ ಸು-ಲಿಯೆನ್,

ಹೊಳೆಯುವುದೇನು, ದಾರಿಯಲ್ಲಿರುವ ಆ ವಸ್ತು ನನ್ನ ಮೇಜಿನ ಖಾನೆಯಲ್ಲಿದೆ.

ಲಾಂಗಿಯ ಕಾಗದದಲ್ಲಿ ಇನ್ನೂ ನಾಲ್ಕು ಸಾಲಿತ್ತು. ನಾನು ಅನುವಾದಿಸಲಿಲ್ಲ. "ಅವನ ಕಾರ್ಡು ಇನ್ನೊಂದು ಉಳಿದಿದೆ. ಕಳಿಸಲೇ ಬೇಡವೇ ತಿಳಿಯದು. ನೀವು ಓದಿದವರಂತೆ ಕಾಣುತ್ತೀರಿ. ನೀವೇ ಹೇಳಿ." ಸತ್ತವನ ಕ್ಷೇಮ ಸಮಾಚಾರ ಇನ್ನೊಮ್ಮೆ ನಿಮ್ಮ ಬಾಗಿಲಿಗೆ ಬರುವುದು ಬೇಡ ಎಂದುಕೊಂಡೆ. ನಿಮಗೆ ತಡೆದುಕೊಳ್ಳಲಾಗದು ಎಂದು ನಾನೇ ತೀರ್ಮಾನಿಸಿ, ಅದನ್ನು ನನಗೆ ಕಳಿಸು ಎಂದು ಅವಳಿಗೆ ಬರೆದೆ. ಎಂದಿನಂತೆ ಗತ್ತಿನಿಂದ ಮೊಹರು ಒತ್ತಿದೆ.

ಜೂನ್ ಕೊನೆಯಲ್ಲಿ ಬಂತು. ತೆಂಗಿನ ಮರ. ಹಿಂದೆ ನೀಲಿ ಶಾಯಿಯಲ್ಲಿ, ನಿಮ್ಮ ಗಂಡ ಬರೆಸಿಟ್ಟ ಮೂರು ಪದ: ಐ ಆಮ್ ಫೈನ್. ಕೆಳಗೆ ಕೆಂಪು ಶಾಯಿಯಲ್ಲಿ ಹೆಸರು. ಲಾಂಗಿ ಹೆಸರನ್ನು ಕಳಿಸುವ ದಿನ ಬರೆಯುವವಳಲ್ಲವೆ? ಕಾರ್ಡು ಬೇಕೆಂದವನು ತನ್ನ ಮೊಹರು ಒತ್ತಿದ್ದಾನೆ, ಅದನ್ನೇ ಬರೆಯಬೇಕು ಎಂದು ತಿಳಿದಿದ್ದಾಳೆ. ಎಲ್ಲರಿಗೂ ಹಾಗೇ ಮಾಡಿದಂತೆ ನನ್ನ ಮೊಹರನ್ನೂ ಗೆರೆಗೆ ಗೆರೆ ನೋಡಿ ಚಿತ್ರ ಬಿಡಿಸಿದ್ದಾಳೆ. ಆ ಕಾರ್ಡಿನಲ್ಲಿ ಕ್ಷೇಮವಾಗಿರುವವನ ಹೆಸರು ತೂ ವೆನ್‌ಪಿನ್.

ನೀವು ಆತಂಕಪಡಬೇಡಿ. ಕಾರಣ ಗೊತ್ತಿದ್ದ ಮೇಲೆ ಭಯವೆಲ್ಲಿ? ನೋಡಿ ನಕ್ಕೆ. ಮೇಜಿನ ಮೇಲೆ ಒರಗಿಸಿಟ್ಟುಕೊಂಡೇ ಚಹಾ ಕುಡಿದೆ. ನನ್ನಂಥವನ ಕೈಗೆ ಸಿಕ್ಕಿದ್ದು ಒಳ್ಳೆಯದಾಯಿತು, ಬೇರೆಯವರಾಗಿದ್ದರೆ ಜ್ವರ ಬಂದು ಮಲಗುತ್ತಿದ್ದರು.

ಆದರೂ ಅದು ನಿಮ್ಮದು. ನನ್ನ ಹೆಸರಿದ್ದರೂ ಮಾತು ಅವರದು. ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಪ್ರೇತಗಳ ಬಾಗಿಲು ತೆರೆಯುವ ಮುಂಚೆ ತಲುಪಲಿ. ಕ್ಷಮಿಸಿ ಎಂದು ಕೇಳುವುದಿಲ್ಲ. ಬಿಲ್ಲೆ ಏನು ಹೇಳಿತೆಂದು ಮಾತ್ರ ಬರೆಯಿರಿ.

ತೂ ವೆನ್‌ಪಿನ್


ಶಿಯು, 12 ಆಗಸ್ಟ್ 1974

ಮೇಷ್ಟ್ರೇ,

ಬಂದರು.

ಕಾರ್ಡು ತಲುಪಿದ ಮಾರನೆಯ ದಿನವೇ ಮತ್ತೆ ದಂಡೆಗಿಳಿದೆವು. ಅತ್ತೆ ಮೊದಲು ಕಾರ್ಡನ್ನು ಹಿಂದೆ ಮುಂದೆ ನೋಡಿ ತಕರಾರು ತೆಗೆದರು. "ಇದ್ರಲ್ಲಿ ಮೇಷ್ಟ್ರ ಹೆಸರಿದೆಯಲ್ಲೇ! ಕೂಗಿದಾಗ ನನ್ನ ಮಗನ ಬದ್ಲು ಆ ಮೇಷ್ಟ್ರು ಬಂದ್ಬಿಟ್ರೆ? ಅವರ ಬಾಯಿಗೆ ದಿನಾ ಅನ್ನ ಹಾಕೋರು ಯಾರು?"

ಪುರೋಹಿತರೂ ನಕ್ಕರು. ಕತ್ತರಿ ತರಿಸಿ, ನಿಮ್ಮ ಹೆಸರಿನ ಪಟ್ಟಿಯನ್ನು ನಾನು ಕತ್ತರಿಸಿ ತೆಗೆದೆ. ಇದರ ಜೊತೆ ವಾಪಸು ಕಳಿಸಿದ್ದೇನೆ. ಅದು ನಮ್ಮವರ ಜೊತೆ ಮಣ್ಣಿಗೆ ಹೋಗಬಾರದಲ್ಲ.

ಅತ್ತೆ ನೀರಿಗಿಳಿದು ಕೂಗಿದರು. ಪುರೋಹಿತರು ನನ್ನ ಕಡೆ ನೋಡಿ, "ಅವನು ಬರೆಸಿದ್ದನ್ನ ನೀನೇ ಓದಮ್ಮಾ" ಎಂದರು. ಸಮುದ್ರದ ಕಡೆ ತಿರುಗಿ ಜೋರಾಗಿ ಓದಿದೆ: ಐ ಆಮ್ ಫೈನ್. ಉಚ್ಚಾರ ಸರಿ ಇತ್ತೋ ಇಲ್ಲವೋ, ನೀವು ಕೇಳಿದ್ದರೆ ತಿದ್ದುತ್ತಿದ್ದಿರಿ. ಗಾಳಿ ಒಂದು ಗಳಿಗೆ ನಿಂತಿತು. ಅಷ್ಟು ಹೊತ್ತು ಸುಮ್ಮನಿದ್ದ ಹುಂಜ ಕೂಗಿತು. ಬಿಲ್ಲೆ ಎಸೆದರು. ಒಂದು ಚಪ್ಪಟೆ, ಒಂದು ಉಬ್ಬು. ಅತ್ತೆ ನೀರಿನಲ್ಲೇ ಕುಳಿತುಬಿಟ್ಟರು. ಮಗನಿಗೆ ಬೈಯುತ್ತಿದ್ದರು: "ಎಷ್ಟು ಹೊತ್ತೋ ಬರೋಕೆ!"

ಅವರ ಅಂಗಿಯನ್ನೂ ಕಾರ್ಡುಗಳನ್ನೂ ಮಣ್ಣು ಮಾಡಿ ಕಲ್ಲು ನೆಟ್ಟಿದ್ದೇವೆ. ಅವರ ಹೆಸರು ಚಿನ್ನದ ಬಣ್ಣ, ಪಕ್ಕದಲ್ಲಿ ನನ್ನದು ಕೆಂಪು. ಬಣ್ಣ ಹಚ್ಚುವಾಗ ನಾನು ಅಲ್ಲೇ ನಿಂತು ನೋಡಿದೆ. ಅಷ್ಟು ಹೆದರಿಕೆಯಾಗಲಿಲ್ಲ. ಕಾಯುವವಳ ಬಣ್ಣ, ಅಷ್ಟೇ ಅಲ್ಲವೆ? ಎಷ್ಟೋ ವರ್ಷ ಹಾಗೇ ಇರಲಿ ಎಂದು ಕಲ್ಲುಕುಟಿಗ ಹರಸಿದ.

ಚಪ್ಪಲಿ ಈಗ ಒಳಕ್ಕೆ ಮುಖ ಮಾಡಿವೆ. ನಾನೇ ಹಾಗಿಟ್ಟೆ. ಇಟ್ಟ ಹಾಗೇ ಇವೆ.

ನನಗೆ ಪಾಠ ಮುಂದುವರಿಸಿ. ಆ ಮೂರು ಪದ ಓದಲೆಂದು ಸೇರಿದವಳು, ಈಗ ಉಳಿದ ಪದಗಳನ್ನೂ ಓದಬೇಕೆನಿಸಿದೆ. ಲಾಂಗಿ ಅಜ್ಜಿಗೆ ನಾನೇ ಒಂದು ಕಾಗದ ಬರೆಯಬೇಕು.

ಕೊನೆಯದಾಗಿ ಒಂದು ಮಾತು. ನಿಮ್ಮ ರಿಜಿಸ್ಟರ್ಡ್ ಲಕೋಟೆ ಒಡೆದಾಗ ಕಾರ್ಡಿನ ಜೊತೆ ಒಂದಿಷ್ಟು ಅಕ್ಕಿ ಕಾಳು ಉದುರಿತು, ಊದುಬತ್ತಿಯ ಬೂದಿಯೂ ಇತ್ತು. ಅತ್ತೆ ಕಾಳನ್ನು ಬೆರಳಲ್ಲಿ ಒತ್ತಿ ಎತ್ತಿ ನೋಡಿದ ಕೂಡಲೇ ಗುರುತು ಹಿಡಿದರು. ಯಾರಾದರೂ ಹೆದರಿಕೊಂಡರೆ, ಅವರದೇ ಅಂಗಿಯಲ್ಲಿ ಅಕ್ಕಿ ಕಟ್ಟಿ ಮಂತ್ರ ಹಾಕಿ ಭಯ ಇಳಿಸುತ್ತಾರಲ್ಲ, ಆ ಅಕ್ಕಿಯಂತೆ ಅದು. "ಪಾಪ, ಮೇಷ್ಟ್ರ ಮನೇಲಿ ಯಾರೋ ಮಗು ಹೆದ್ರಿರ್ಬೇಕು, ಕೇಳೇ" ಎಂದರು.

ನಿಮಗೆ ಮಕ್ಕಳಿಲ್ಲವೆಂದು ಒಮ್ಮೆ ಬರೆದಿದ್ದ ನೆನಪು. ಹಾಗಾದರೆ ಹೆದರಿದವರು ಯಾರು?

ಸು-ಲಿಯೆನ್


ತೈಪೇ, 20 ಆಗಸ್ಟ್ 1974

ತಂಗಿ ಸು-ಲಿಯೆನ್,

ಶುಯಿ-ತಿಯೆನ್ ಮನೆ ಸೇರಿದರು ಎಂದು ಓದಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಕರೆದರೂ ಬರುವ ಉದ್ದೇಶ ನನಗಿರಲಿಲ್ಲ, ಅನ್ನ ಮಿಗಿಸಿಕೊಳ್ಳಲು ಹೇಳಿ.

ಈ ಸಲದ ನಿಮ್ಮ ಉತ್ತರ ಹಾಳೆಯನ್ನು ಹಸಿರು ಶಾಯಿಯಲ್ಲಿ ತಿದ್ದಿರುವುದನ್ನು ಗಮನಿಸಿರುತ್ತೀರಿ. ಹಸಿರು ಕಣ್ಣಿಗೆ ತಂಪು ಎಂದು ಕಚೇರಿಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ನೀವು ಕತ್ತರಿಸಿ ಕಳಿಸಿದ ನನ್ನ ಹೆಸರಿನ ಪಟ್ಟಿಯನ್ನು ಎಸೆಯಬಾರದು, ಸುಡಬಾರದು, ಮನೆಯಲ್ಲಂತೂ ಇಡಲೇಬಾರದು. ಅದು ಸದ್ಯ ನಗರದೇವತೆಯ ಗುಡಿಯಲ್ಲಿ ದೇವರ ಊದುಬತ್ತಿ ಪಾತ್ರೆಯ ಕೆಳಗಿದೆ. ಅಲ್ಲಿಟ್ಟವನು ಯಾರೆಂದು ದೇವರು ನೋಡಿದ್ದಾನೆ, ಬೇರೆ ಯಾರೂ ನೋಡಿಲ್ಲ.

ಹೆದರಿದವರು ಯಾರು ಎಂದು ಕೇಳಿದ್ದೀರಿ.

ಕಾರ್ಡು ಮೇಜಿನ ಮೇಲಿದ್ದಾಗ ಚಹಾ ಕುಡಿದದ್ದು ನಿಜ, ಪಕ್ಕದ ಮನೆಯಲ್ಲಿ ಕುಡಿದೆ. ನಮ್ಮ ಬೀದಿಯ ಕೊನೆಯಲ್ಲಿ ಭಯ ಇಳಿಸುವ ಒಬ್ಬ ಮುದುಕಿ ಇದ್ದಾಳೆ. ಮಕ್ಕಳನ್ನು ಎತ್ತಿಕೊಂಡ ತಾಯಂದಿರ ಸಾಲಿನಲ್ಲಿ ನಿಂತೆ. ಹೆದರಿದ ಮಗು ಎಲ್ಲಿ ಎಂದು ಕೇಳಿದಳು, ಮನೆಯಲ್ಲಿದೆ ಎಂದೆ. "ಪರವಾಗಿಲ್ಲ, ಅಂಗಿ ತಂದಿದ್ರೆ ಸಾಕು, ಆಳು ಬೇಕಾಗಿಲ್ಲ. ಕೊಡಿ" ಎಂದು ಕೈ ಚಾಚಿದಳು.

ಕೊಡಲಾಗಲಿಲ್ಲ ತಂಗಿ. ಅಂಗಿಯೊಳಗೆ ನಾನಿದ್ದೆ.

ತೂ ವೆನ್‌ಪಿನ್
(ಈ ಸಲ ಮೊಹರಿಲ್ಲ)